ಮೂರು ಹೊತ್ತಿನ ಬಾನುಲಿ

ಖೂಬಾ ಪ್ಲಾಟಿನ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದಾಗ ಗೋಡೆಯ ಗೂಡಿನಲ್ಲಿ ಹಳೆಯ ವಾಲ್ವ್ ರೇಡಿಯೋ ಒಂದನ್ನು ಕಂಡೆ. ಅದು ಮೂಕವಾಗಿ ಎಷ್ಟೋ ವರ್ಷಗಳಾಗಿವೆ. ಮನೆಯ ಹಿರಿಯರು ಮಾತ್ರ ಅದರ ಧೂಳು ಒರೆಸುವುದನ್ನು ಬಿಟ್ಟಿಲ್ಲ. "ಹೈದರಾಬಾದ್ ತಾನಾಗೇ ಬರ್ತಿತ್ತು ಫಾದರ್. ಧಾರವಾಡ ಸಿಗಬೇಕಂದ್ರ ಮುಳ್ಳು ಭಾಳ ಹೊತ್ತು ತಿರುವಬೇಕಾಗ್ತಿತ್ತು" ಎಂದರು.

ಈ ಮಾತಿನಲ್ಲಿ ಒಂದು ಚರಿತ್ರೆಯೇ ಅಡಗಿದೆ. ಕಲಬುರಗಿಯು ಆಗ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ. ಇಲ್ಲಿನ ಆಕಾಶವನ್ನು ಮೊದಲು ತುಂಬಿದ್ದು ನಿಜಾಮರ ಡೆಕ್ಕನ್ ರೇಡಿಯೋ. ಅದರ ಪ್ರಧಾನ ಭಾಷೆ ಉರ್ದು. 1948ರ ಸೆಪ್ಟೆಂಬರ್ 17ರಂದು ನಿಜಾಮರು ತಮ್ಮ ಸೋಲನ್ನು ಪ್ರಜೆಗಳಿಗೆ ತಿಳಿಸಿದ್ದೂ ಬಾನುಲಿಯ ಮೂಲಕವೇ. 1950ರಲ್ಲಿ ಆ ಕೇಂದ್ರವು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಅದೇ ವರ್ಷ ಧಾರವಾಡದಲ್ಲಿ ಕನ್ನಡದ ಕೇಂದ್ರವೊಂದು ಹುಟ್ಟಿತು. ಹೀಗೆ, ಮನೆಯೊಳಗೆ ಕನ್ನಡವನ್ನಾಡುತ್ತಿದ್ದ ಕುಟುಂಬವು ಆಕಾಶದಲ್ಲಿ ತನ್ನ ನುಡಿಯನ್ನು ಮುಳ್ಳು ತಿರುಗಿಸಿ ಹುಡುಕಬೇಕಾಗಿತ್ತು.

ಆ ಕಾಲದ ಒಂದು ದಿನದ ಪ್ರಸಾರ ಹೇಗಿದ್ದೀತೆಂಬ ಕುತೂಹಲದಿಂದ 'ದಿ ಇಂಡಿಯನ್ ಲಿಸನರ್' ಪತ್ರಿಕೆಯ ಹಳೆಯ ಪುಟಗಳನ್ನು ನೋಡಿದೆ. ದೇಶದ ಕೇಂದ್ರಗಳ ಕಾರ್ಯಕ್ರಮ ವಿವರಗಳನ್ನು ಪ್ರಕಟಿಸುತ್ತಿದ್ದ ಪತ್ರಿಕೆಯಿದು. 1958ರಲ್ಲಿ 'ಆಕಾಶವಾಣಿ' ಎಂಬ ಹೆಸರು ತಳೆಯಿತು. ಕನ್ನಡ ಹಾಡು ಎಷ್ಟು ಗಂಟೆಗೆಂದು ತಿಳಿಯಲು ಇದರಲ್ಲಿ ಇಂಗ್ಲಿಷ್ ಓದಬೇಕಿತ್ತೆಂಬುದು ಬೇರೆ ಮಾತು!

ದಿನವು ಮೂರು ಪ್ರಸಾರಗಳಾಗಿ ಒಡೆದಿತ್ತು: ಬೆಳಿಗ್ಗೆ, ಮಧ್ಯಾಹ್ನ, ಸಂಜೆಯಿಂದ ರಾತ್ರಿಯವರೆಗೆ. ನಡುನಡುವೆ ಏನೂ ಇಲ್ಲ. ಕೇಂದ್ರವೇ ಬಾಗಿಲು ಮುಚ್ಚಿ ಸುಮ್ಮನಾಗುತ್ತಿತ್ತು. ಮುಂಜಾನೆ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರನು ಹೊಂದಿಸಿದ ಆ ಪರಿಚಿತ ನಾದ. ನಾತ್ಸಿಗಳ ಕಾಲದಲ್ಲಿ ಯೂರೋಪನ್ನು ತೊರೆದು ಮುಂಬಯಿಗೆ ಬಂದವನು ಆತ. ನಿರಾಶ್ರಿತನೊಬ್ಬನ ರಾಗದಿಂದ ನಮ್ಮ ದೇಶ ಕಣ್ಣು ತೆರೆಯುತ್ತಿತ್ತು. ಬಳಿಕ ಭಕ್ತಿಗೀತೆ, ವಾರ್ತೆ, ಶಾಸ್ತ್ರೀಯ ಗಾಯನ, ಮಹಿಳೆಯರಿಗೆ, ಮಕ್ಕಳಿಗೆ, ರೈತರಿಗೆ ಪ್ರತ್ಯೇಕ ಹೊತ್ತು, ಒಂದು ಭಾಷಣ, ರಾತ್ರಿ ಮತ್ತೆ ಸಂಗೀತ ಅಥವಾ ನಾಟಕ. ಕನ್ನಡ ವಾರ್ತೆಯನ್ನು ಓದುತ್ತಿದ್ದುದು ದೂರದ ದೆಹಲಿಯಿಂದ.

ವಿಮರ್ಶಕನಾಗಿ ಮೊದಲು ಮೆಚ್ಚಬೇಕಾದುದನ್ನು ಮೆಚ್ಚುತ್ತೇನೆ. ಈ ದಿನಚರಿಯು ಕೇಳುಗನನ್ನು ಕೀಳಾಗಿ ಕಾಣಲಿಲ್ಲ. 1952ರಲ್ಲಿ ತೊಡಗಿದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವು ಒಬ್ಬ ಗಾಯಕನಿಗೆ ರಾತ್ರಿಯ ದೀರ್ಘ ಹೊತ್ತನ್ನು ಬಿಟ್ಟುಕೊಡುತ್ತಿತ್ತು. ಧಾರವಾಡ ಕೇಂದ್ರಕ್ಕೆ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಟಿಕೆಟು ಕೊಂಡು ಕಛೇರಿಗೆ ಹೋಗಲಾರದವನ ಮನೆಗೂ ದೊಡ್ಡವರ ಕಂಠ ಬಂತು. ಆ ಮಧ್ಯಾಹ್ನದ ಮೌನವನ್ನೂ ನಾನು ಗುಣವೆಂದೇ ಎಣಿಸುತ್ತೇನೆ. ಹೇಳಲು ಏನೂ ಇಲ್ಲದಾಗ ಸುಮ್ಮನಿರುವ ಶಿಸ್ತು ಪ್ರಬೋಧನೆ ನೀಡುವ ನಮ್ಮಂಥ ಗುರುಗಳಿಗೂ ಸುಲಭವಾಗಿ ಬರುವುದಿಲ್ಲ.

ಆದರೆ ಈ ಉದಾರತೆಗೆ ಒಂದು ಬೇಲಿಯೂ ಇತ್ತು. 1940ರಲ್ಲಿ ಹಾರ್ಮೋನಿಯಮ್ಮನ್ನು ಬಾನುಲಿಯಿಂದ ಹೊರಗಿಟ್ಟರು. ನಮ್ಮ ಸ್ವರಗಳ ಸೂಕ್ಷ್ಮ ಎಳೆತಗಳನ್ನು ಅದು ನುಡಿಸಲಾರದೆಂಬ ಕಾರಣಕ್ಕೆ. ಮೂರು ದಶಕಗಳ ಕಾಲ ಆ ಕಟ್ಟುಪಾಡು ಸಡಿಲಲಿಲ್ಲ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೂ ಯೋಚಿಸಿ: ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಉಸಿರು ಯಾವುದು? ಭಜನಾ ಮಂಡಳಿಗಳ ಆಸರೆ ಯಾವುದು? ನಮ್ಮ ಗಾನವೃಂದಗಳು ಬಲಿಪೂಜೆಯಲ್ಲಿ ಇಂದಿಗೂ ಯಾವುದರ ಶ್ರುತಿ ಹಿಡಿದು ಹಾಡುತ್ತವೆ? ಜನರ ಕೈಯಲ್ಲಿದ್ದ ವಾದ್ಯಕ್ಕೆ ಜನರ ಬಾನುಲಿಯಲ್ಲಿ ಎಡೆಯಿರಲಿಲ್ಲ.

ಚಲನಚಿತ್ರ ಗೀತೆಗಳ ಗತಿಯೂ ಅದೇ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವುಗಳನ್ನು ಬಿಗಿಹಿಡಿದರು. ಜನ ಮುಳ್ಳನ್ನು ರೇಡಿಯೋ ಸಿಲೋನಿನತ್ತ ತಿರುಗಿಸಿದರು. ಕೊನೆಗೆ 1957ರಲ್ಲಿ ಸರಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಒಳ್ಳೆಯದನ್ನು ಉಣಬಡಿಸುವುದು ಒಂದು. ಬೇರೆ ತಟ್ಟೆಯನ್ನು ಕಸಿದುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಮಾಡುವವರು ಎರಡನೆಯದಕ್ಕೂ ಬಹುಬೇಗ ಕೈಹಾಕುತ್ತಾರೆ. ಗುರುಮಠದಲ್ಲಿ ಬೆಳೆದ ನನಗೆ ಈ ಪ್ರಲೋಭನೆ ಅಪರಿಚಿತವೇನಲ್ಲ.

ನನ್ನ ದೊಡ್ಡ ಆಕ್ಷೇಪಣೆ ಮಾತ್ರ ಬೇರೆಯೇ. ಆ ಪುಟಗಳಲ್ಲಿ ಹೈದರಾಬಾದ್ ಇದೆ, ಧಾರವಾಡ ಇದೆ. ಗುಲ್ಬರ್ಗಾ ಎಂಬ ಕೇಂದ್ರವಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದ ನಾಡು ಇದು; ಬಂದೇ ನವಾಜರ ಉರುಸಿನಲ್ಲಿ ಖವ್ವಾಲಿ ಕೇಳಿದ ನಾಡು. ಇಲ್ಲಿಯ ಮನೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಪರವಾನಿಗೆಯ ಹಣ ಕಟ್ಟುತ್ತಿತ್ತು. ಹಣ ಕೊಟ್ಟು ಕೇಳುವವರ ಪಟ್ಟಿಯಲ್ಲಿ ನಾವಿದ್ದೆವು, ಹಾಡುವ ಊರುಗಳ ಪಟ್ಟಿಯಲ್ಲಿ ಇರಲಿಲ್ಲ. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಬಾನುಲಿ ಕೇಂದ್ರ ಬರಲು ಇನ್ನೂ ಹತ್ತು ವರ್ಷ, ಅಂದರೆ 1966ರವರೆಗೆ, ಕಾಯಬೇಕಾಯಿತು.

ಕೇಂದ್ರ ಬಂದಾಗ ಮನೆಯಲ್ಲಿ ಏನು ಬದಲಾಯಿತೆಂದು ಆ ಹಿರಿಯರನ್ನು ಕೇಳಿದೆ. ಅವರು ನಕ್ಕು ರೇಡಿಯೋದ ಗಾಜನ್ನು ತೋರಿಸಿದರು. ಊರುಗಳ ಹೆಸರು ಅಚ್ಚಾಗಿದ್ದ ಆ ಗಾಜಿನ ಮೇಲೆ ಅವರ ತಂದೆ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದರು. ಅರ್ಧ ಅಳಿಸಿದ್ದರೂ ಅದಿನ್ನೂ ಕಾಣುತ್ತದೆ. ಮುಳ್ಳು ಅಲ್ಲೇ ನಿಂತಿದೆ.