ಒಂದು ಶಿಲಾವಾಕ್ಯದ ವ್ಯಾಖ್ಯಾನ

ಮೂಲವಾಕ್ಯ: “ಸಿನ್ಸ್ ಖೊಂಡಲೈಟ್ ಕಂಟೇನ್ಸ್ ಗಾರ್ನೆಟ್ ಅಂಡ್ ಸಿಲಿಮನೈಟ್, ಇಟ್ ಈಸ್ ಥಾಟ್ ಟು ಹ್ಯಾವ್ ಫಾರ್ಮ್ಡ್ ಫ್ರಮ್ ಕ್ಲೇ-ರಿಚ್ ಸೆಡಿಮೆಂಟ್ಸ್.”

ಅವತರಣಿಕೆ. ಆಂಧ್ರ ವಿಶ್ವವಿದ್ಯಾಲಯವು 1926ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಹುಟ್ಟಿ 1930ರಲ್ಲಿ ವಿಶಾಖಪಟ್ಟಣಕ್ಕೆ ಬಂದಿತು. ಎರಡೂ ಊರುಗಳ ಗುಡ್ಡಗಳಲ್ಲಿ ಖೊಂಡಲೈಟ್ ಶಿಲೆಯುಂಟು. ತೆಲುಗಿನಲ್ಲಿ ಓದಿ ಬಂದ ಭೂವಿಜ್ಞಾನದ ವಿದ್ಯಾರ್ಥಿಗೆ ಈ ಶಿಲೆಯ ಮಾತಿನಿಂದಲೇ ಇಂಗ್ಲಿಷ್ ಕಲಿಸುವುದು ಯುಕ್ತ. ವಸ್ತು ಪರಿಚಿತವಾದಾಗ ಗಮನವೆಲ್ಲ ವಾಕ್ಯದ ಕಟ್ಟಿಗೆ ಸಲ್ಲುತ್ತದೆ. ಅಂಥ ಪಾಠಕ್ಕೆಂದೇ ರಚಿಸಿದ ವಾಕ್ಯವಿದು.

‘ಸಿನ್ಸ್’. ಇದಕ್ಕೆ ‘ಅಂದಿನಿಂದ’ ಎಂಬ ಕಾಲಾರ್ಥವೂ ‘ಆದಕಾರಣ’ ಎಂಬ ಹೇತ್ವರ್ಥವೂ ಉಂಟು. ಇಲ್ಲಿ ಎರಡನೆಯದೇ ಗ್ರಾಹ್ಯ. ಹೇತುವಾದರೂ ಎಂಥದು? ಶಿಲೆಯನ್ನು ಉಂಟುಮಾಡಿದ ಕಾರಕ ಹೇತುವಲ್ಲ, ಅದರ ಮೂಲವನ್ನು ತಿಳಿಸುವ ಜ್ಞಾಪಕ ಹೇತು. ಬೆಟ್ಟದ ಮೇಲಿನ ಹೊಗೆ ಬೆಂಕಿಯನ್ನು ಹುಟ್ಟಿಸದು, ತಿಳಿಸುತ್ತದೆ, ಖನಿಜಗಳೂ ಹಾಗೆಯೇ.

‘ಕಂಟೇನ್ಸ್’. ‘ಒಳಗೊಂಡಿದೆ’ ಎಂದರ್ಥ. ಈ ವರ್ತಮಾನವು ಈ ಕ್ಷಣದ್ದಲ್ಲ, ಎಂದಿಗೂ ನಿಲ್ಲುವ ಸಂಗತಿಯದು. ಕಲ್ಲನ್ನು ಒಡೆದರೆ ಗಾರ್ನೆಟ್ಟಿನ ಕೆಂಪು ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಸಿಲಿಮನೈಟ್ ಸೂಜಿಯಂತೆ ನೀಳವಾದ ಹರಳು, ಅಲ್ಯೂಮಿನಿಯಂ ಸಿಲಿಕೇಟ್. ಇಷ್ಟು ಪ್ರತ್ಯಕ್ಷ.

‘ಇಟ್ ಈಸ್ ಥಾಟ್’. ಕರ್ಮಣಿ ಪ್ರಯೋಗ. ಕರ್ತೃಪದವಿಲ್ಲ, ‘ಭೂವಿಜ್ಞಾನಿಗಳಿಂದ’ ಎಂದು ಅಧ್ಯಾಹಾರ ಮಾಡಿಕೊಳ್ಳಬೇಕು. ವಾಕ್ಯವು ಪ್ರತ್ಯಕ್ಷವನ್ನು ಬಿಟ್ಟು ಅನುಮಾನಕ್ಕೆ ಕಾಲಿಡುವುದು ಇಲ್ಲಿಯೇ. ತೆಲುಗಿನಲ್ಲೂ ಕನ್ನಡದಲ್ಲೂ ‘ಎಂದು ಭಾವಿಸಲಾಗಿದೆ’ ಎಂಬುದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಭಾವಿಸಿದ ವಿಷಯಕ್ಕಿಂತ ಮೊದಲೇ ಬಂದು ನಿಂತಿದೆ. ಇದನ್ನು ದಾಟಿ ಓದಿದವನಿಗೆ ಊಹಿಸಿದ್ದೂ ಕಂಡದ್ದಾಗಿ ತೋರುತ್ತದೆ.

‘ಟು ಹ್ಯಾವ್ ಫಾರ್ಮ್ಡ್’. ಭಾವಿಸುವುದು ಇಂದು, ರೂಪುಗೊಂಡದ್ದು ಹಿಂದೆ. ‘ಟು ಫಾರ್ಮ್’ ಎಂದಷ್ಟೇ ಇದ್ದರೆ ಈ ಪೂರ್ವಕಾಲ ಲೋಪವಾಗುತ್ತಿತ್ತು.

‘ಫ್ರಮ್ ಕ್ಲೇ-ರಿಚ್ ಸೆಡಿಮೆಂಟ್ಸ್’. ‘ಜೇಡಿಯಿಂದ ಸಮೃದ್ಧವಾದ ಸಂಚಯಗಳಿಂದ’ ಎಂದು ಅನ್ವಯ. ‘ಫ್ರಮ್’ ಎಂಬುದು ಮೂಲದ್ರವ್ಯವನ್ನು ಹೇಳುತ್ತದೆ. ಕೆಸರು ಒಣಗಿ ಈ ಕಲ್ಲಾಯಿತೆಂದಲ್ಲ. ಭೂಗರ್ಭದ ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರ ಹೊಂದಿತೆಂದು ಭಾವ. ಜೇಡಿಯಲ್ಲಿ ಅಲ್ಯೂಮಿನಿಯಂ ಹೇರಳ, ಸಿಲಿಮನೈಟಿನಲ್ಲೂ ಅದೇ. ‘ಸಿನ್ಸ್’ ಸೂಚಿಸಿದ ಹೇತು ಇಲ್ಲಿ ಸಾಧ್ಯವನ್ನು ಮುಟ್ಟಿತು.

ತಾತ್ಪರ್ಯ. ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬ ವಿವೇಕವನ್ನು ಈ ವಾಕ್ಯದಲ್ಲಿ ಹೊತ್ತಿರುವುದು ಕ್ರಿಯಾಪದಗಳ ರೂಪ. ಗಾರ್ನೆಟ್, ಸಿಲಿಮನೈಟ್ ಎಂಬ ಹೆಸರುಗಳನ್ನು ಪದಕೋಶ ಕೊಡಬಲ್ಲದು. ಈ ವಿವೇಕ ಕೈಗೂಡಬೇಕಾದರೆ ವಿದ್ಯಾರ್ಥಿಯು ತನ್ನ ಶಾಸ್ತ್ರದ ವಾಕ್ಯವನ್ನೇ ಬಿಡಿಸಿ ಓದಬೇಕು.