ತಾಯ್ನಾಡಿನ ಹೆಮ್ಮೆ, ತಾಯ್ನಾಡಿನ ಋಣ

ನಾಡನ್ನು ಬಿಟ್ಟು ದೂರ ಹೋದವನಲ್ಲಿ ನಾಡಿನ ಅಭಿಮಾನವು ಹೆಚ್ಚುವುದೆಂಬುದು ಲೋಕಾನುಭವಸಿದ್ಧವಾದ ಮಾತು. ಊರಿನಲ್ಲಿದ್ದಾಗ ಕಣ್ಣಿಗೆ ಬೀಳದ ಗುಡಿಯ ಗೋಪುರವೂ ಕೆರೆಯ ಏರಿಯೂ ಮನೆಮಾತೂ ಪರದೇಶದಲ್ಲಿ ನಿಂತವನ ನೆನಪಿನಲ್ಲಿ ಬೆಳಗತೊಡಗುತ್ತವೆ. ಈ ಅಭಿಮಾನದೊಡನೆ, ತನ್ನನ್ನು ಬೆಳೆಸಿದ ನೆಲಕ್ಕೆ ಏನನ್ನಾದರೂ ಒಪ್ಪಿಸಬೇಕೆಂಬ ಆಸೆಯೂ ಹುಟ್ಟುತ್ತದೆ. ಮೊದಲನೆಯದನ್ನು ಹೆಮ್ಮೆಯೆಂದೂ ಎರಡನೆಯದನ್ನು ಋಣಪ್ರಜ್ಞೆಯೆಂದೂ ಕರೆಯಬಹುದು. ಇವೆರಡನ್ನೂ ಒಂದೇ ಎಂದು ಎಣಿಸುವುದು ರೂಢಿ. ಆದರೆ ಸಾಹಿತ್ಯದಲ್ಲಿ ಇವುಗಳ ಫಲಗಳು ಬೇರೆ ಬೇರೆ. ಹೆಮ್ಮೆಯು ನೆನಪಿನಲ್ಲಿ ಉಳಿದುದನ್ನು ಹೊಗಳುತ್ತದೆ. ಋಣಪ್ರಜ್ಞೆಯು ನಾಡನ್ನು ಇದ್ದಂತೆ ಅರಿಯಲು ದುಡಿಯುತ್ತದೆ. ಈ ಭೇದವು ಲೆಬನಾನಿನ ವಲಸಿಗರ ಸಾಹಿತ್ಯದಲ್ಲಿ ಸ್ಫುಟವಾಗಿ ಕಾಣುವುದರಿಂದ, ಅದನ್ನು ಮೊದಲು ನೋಡಿ ಬಳಿಕ ಕನ್ನಡಕ್ಕೆ ಬರುವುದು ಯುಕ್ತ. ಬೆಂಗಳೂರಿನ ಪೂರ್ವದ ಅಂಚಿನಲ್ಲಿದ್ದ ಮಾರತ್ತಹಳ್ಳಿಯಂತಹ ಊರಿನಲ್ಲಿ ಈ ವಿಚಾರವೇ ತಲೆಕೆಳಗಾಗುವ ಬಗೆಯನ್ನು ಕಡೆಯಲ್ಲಿ ಪರಿಶೀಲಿಸಬೇಕಾಗಿದೆ.

ಲೆಬನಾನಿನ ಬೆಟ್ಟದ ಸೀಮೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾವಿರಾರು ಕುಟುಂಬಗಳು ಅಮೆರಿಕಾ ಖಂಡಗಳಿಗೆ ವಲಸೆ ಹೋದುವು. ಬಿಶರ್ರಿ ಎಂಬ ಊರಿನಲ್ಲಿ ೧೮೮೩ರಲ್ಲಿ ಹುಟ್ಟಿದ ಖಲೀಲ್ ಗಿಬ್ರಾನನು ೧೮೯೫ರಲ್ಲಿ ತಾಯಿಯೊಡನೆ ಬಾಸ್ಟನ್ ನಗರವನ್ನು ಸೇರಿದನು. ಆದರೆ ಅರಬ್ಬೀ ಭಾಷೆಯನ್ನು ಕಲಿಯುವುದಕ್ಕಾಗಿಯೇ ೧೮೯೮ರಲ್ಲಿ ಬೈರೂತಿಗೆ ಹಿಂದಿರುಗಿದನು. ೧೯೨೦ರಲ್ಲಿ ಅವನೂ ಮಿಖಾಯಿಲ್ ನಯಿಮಿ ಮೊದಲಾದವರೂ ಕೂಡಿ ನ್ಯೂಯಾರ್ಕಿನಲ್ಲಿ ಲೇಖನಿಯ ಬಳಗವೆಂಬರ್ಥದ ಹೆಸರುಳ್ಳ ಕೂಟವನ್ನು ಕಟ್ಟಿದರು. ಆಧುನಿಕ ಅರಬ್ಬೀ ಕಾವ್ಯದ ಶೈಲಿಯನ್ನು ಸಡಿಲಗೊಳಿಸಿ ಹೊಸ ಉಸಿರನ್ನು ತುಂಬಿದವರಲ್ಲಿ ಈ ಹೊರನಾಡಿಗರು ಮುಖ್ಯರು. ತಾಯ್ನಾಡಿಗೆ ಅವರು ಸಲ್ಲಿಸಿದ ಮೊದಲ ಕಾಣಿಕೆಯು ಹಣವಲ್ಲ, ಭಾಷೆ.

೧೯೧೫ರಿಂದ ೧೯೧೮ರ ವರೆಗೆ ಲೆಬನಾನಿನ ಬೆಟ್ಟಸೀಮೆಯನ್ನು ಘೋರವಾದ ಕ್ಷಾಮವು ಹಿಂಡಿತು. ಆಗ ಗಿಬ್ರಾನನು ನ್ಯೂಯಾರ್ಕಿನ ಪರಿಹಾರ ಸಮಿತಿಯ ಕಾರ್ಯದರ್ಶಿಯಾಗಿ ದುಡಿದನು. ತನ್ನವರು ಹಸಿವಿನಿಂದ ಸಾಯುತ್ತಿರುವಾಗ ತಾನು ದೂರದಲ್ಲಿ ಉಂಡು ಬದುಕಿರುವೆನೆಂಬ ನಾಚಿಕೆಯು ಆ ಕಾಲದ ಅವನ ಬರವಣಿಗೆಯ ಪ್ರೇರಣೆಯಾಯಿತು. ದೇವದಾರು ವೃಕ್ಷಗಳ ವರ್ಣನೆಯಲ್ಲಿಲ್ಲದ ತೂಕವು ಆ ನಾಚಿಕೆಯಲ್ಲಿದೆ. ೧೯೩೧ರಲ್ಲಿ ಅವನು ತೀರಿಕೊಂಡಾಗ, ತನ್ನ ಗ್ರಂಥಗಳ ಗೌರವಧನವು ಹುಟ್ಟೂರಿಗೆ ಸಲ್ಲಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದನು. ೧೯೨೩ರಲ್ಲಿ ಹೊರಬಂದ ‘ಪ್ರವಾದಿ’ಯು ಲೋಕಪ್ರಿಯವಾದಂತೆ ಆ ಹಣವು ಬೆಳೆಯಿತು, ಅದರ ವಿನಿಯೋಗವನ್ನು ಕುರಿತು ಊರಿನಲ್ಲಿ ಕಲಹಗಳೂ ಎದ್ದುವು. ಕೊಡುವವನ ಮನಸ್ಸಿನಲ್ಲಿದ್ದ ಊರೂ ಪಡೆಯುವ ಊರೂ ಒಂದೇ ಆಗಿರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಹೆಮ್ಮೆಯ ಇನ್ನೊಂದು ಮುಖವೂ ಅಲ್ಲಿ ಕಾಣುತ್ತದೆ. ೧೯೧೯ರಲ್ಲಿ ಬೈರೂತಿನಲ್ಲಿ ಚಾರ್ಲ್ಸ್ ಕೋರ್ಮ್ ಎಂಬಾತನು ಪ್ರಾಚೀನ ಫಿನೀಷಿಯದ ಹೆಸರನ್ನಿಟ್ಟು ಒಂದು ಫ್ರೆಂಚ್ ಪತ್ರಿಕೆಯನ್ನು ಹೊರಡಿಸಿದನು. ಕಡಲ ವ್ಯಾಪಾರಕ್ಕೂ ಅಕ್ಷರಮಾಲೆಗೂ ಪ್ರಸಿದ್ಧರಾದ ಫಿನೀಷಿಯರೇ ಲೆಬನಾನಿಗರ ಪೂರ್ವಿಕರೆಂಬ ವಾದವು ಅವನ ಬಳಗದಿಂದ ಬಲಗೊಂಡಿತು. ಅರಬ್ಬೀ ಮಾತನ್ನಾಡುವ ಬಹುಜನರಿಗೆ ಈ ವಂಶಾವಳಿಯು ಒಪ್ಪಿಗೆಯಾಗಲಿಲ್ಲ. ಹೆಮ್ಮೆಯು ತನಗೆ ಬೇಕಾದ ಹಿರಿಯರನ್ನು ಆರಿಸಿಕೊಂಡು, ಬೇಡವಾದವರನ್ನು ಮರೆಯುವುದು ಹೀಗೆ. ಇದಕ್ಕೆ ಮದ್ದು ವಿಮರ್ಶೆಯೇ. ನಯಿಮಿಯು ೧೯೨೩ರಲ್ಲಿ ಪ್ರಕಟಿಸಿದ ವಿಮರ್ಶಾಗ್ರಂಥಕ್ಕೆ ‘ಜರಡಿ’ ಎಂಬರ್ಥದ ಹೆಸರನ್ನಿಟ್ಟನು. ೧೯೩೨ರಲ್ಲಿ ತನ್ನ ಹುಟ್ಟೂರಾದ ಬಸ್ಕಿಂತಕ್ಕೆ ಹಿಂದಿರುಗಿದನು. ೧೯೩೪ರಲ್ಲಿ ಗೆಳೆಯನ ಚರಿತ್ರೆಯನ್ನು ಅವನ ದೌರ್ಬಲ್ಯಗಳೊಡನೆ ಬರೆದನು. ಅದನ್ನು ಅಮೀನ್ ರಿಹಾನಿಯಂತಹವರು ಆಕ್ಷೇಪಿಸಿದರಾದರೂ, ಸತ್ತವನನ್ನು ದೇವರನ್ನಾಗಿ ಮಾಡದೆ ಮನುಷ್ಯನನ್ನಾಗಿ ಉಳಿಸಿದುದು ಸಾಹಿತ್ಯಕ್ಕೆ ಸಂದ ಋಣವೆಂದೇ ಹೇಳಬೇಕು.

ಈಗ ಕನ್ನಡದ ಕಡೆಗೆ ತಿರುಗಬಹುದು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಹೊರಬಂದಾಗ ಕನ್ನಡಿಗರು ಮುಂಬಯಿ ಮದರಾಸು ಪ್ರಾಂತಗಳಲ್ಲಿಯೂ ಮೈಸೂರು ಹೈದರಾಬಾದು ಸಂಸ್ಥಾನಗಳಲ್ಲಿಯೂ ಕೊಡಗಿನಲ್ಲಿಯೂ ಹಂಚಿಹೋಗಿದ್ದರು. ಹೊರಗೆ ಹೋಗದೆಯೇ ನಾಡನ್ನು ಕಳೆದುಕೊಂಡ ಜನಕ್ಕೆ ಬರೆದ ಗ್ರಂಥವದು. ಚಾಲುಕ್ಯ ರಾಷ್ಟ್ರಕೂಟ ವಿಜಯನಗರಗಳ ಕೀರ್ತಿಯನ್ನು ಅದು ಉಚ್ಚಕಂಠದಿಂದ ಸಾರುತ್ತದೆ. ಒಕ್ಕಲಿಗನ ಬಾಳಿಗಿಂತ ಅರಸರ ದಿಗ್ವಿಜಯಕ್ಕೆ ಅಲ್ಲಿ ಹೆಚ್ಚಿನ ಮನ್ನಣೆ. ಈ ದೋಷವಿದ್ದರೂ ಗ್ರಂಥದ ಗುರಿಯು ಹೊಗಳಿಕೆಯಲ್ಲಿ ಮುಗಿಯುವುದಿಲ್ಲ. ಹಿಂದಿನದನ್ನು ತೋರಿಸಿ ಮುಂದಿನ ಕೆಲಸಕ್ಕೆ ಕರೆಯುವುದೇ ಅದರ ಉದ್ದೇಶ. ೧೯೫೬ರ ಏಕೀಕರಣವನ್ನು ಗ್ರಂಥಕರ್ತರು ಕಣ್ಣಾರೆ ಕಂಡರು. ಇಲ್ಲಿ ಹೆಮ್ಮೆಯು ಋಣವಾಗಿ ಮಾರ್ಪಟ್ಟಿತು.

ನಿಜವಾಗಿ ಕಡಲನ್ನು ದಾಟಿದವರ ಬರವಣಿಗೆಯಲ್ಲಿ ಎರಡು ಮಾದರಿಗಳನ್ನು ಎತ್ತಿಕೊಳ್ಳಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಪರದೇಶವನ್ನು ಹೇಮಾವತಿಯ ದಡದ ಅಳತೆಗೋಲಿನಿಂದಲೇ ಅಳೆಯುವ ಆ ಗ್ರಂಥದಲ್ಲಿ ಲೇಖಕರು ಅಮೆರಿಕಾಕ್ಕೆ ಹೋಗಿದ್ದರೂ ಗೊರೂರನ್ನು ಬಿಟ್ಟಿಲ್ಲ. ಶೀರ್ಷಿಕೆಯ ಶ್ಲೇಷೆಯೇ ಇದನ್ನು ಹೇಳುತ್ತದೆ. ಅಲ್ಲಿಯ ಹಾಸ್ಯವು ಹೆಮ್ಮೆಯನ್ನು ಹದ್ದಿನಲ್ಲಿಡುತ್ತದೆ. ಎರಡನೆಯ ಮಾದರಿ ಎ. ಕೆ. ರಾಮಾನುಜನ್ನರದು. ೧೯೨೯ರಲ್ಲಿ ಮೈಸೂರಿನಲ್ಲಿ ತಮಿಳು ಮನೆಮಾತಿನ ಕುಟುಂಬದಲ್ಲಿ ಹುಟ್ಟಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಬೋಧಿಸಿ, ೧೯೯೩ರಲ್ಲಿ ಅಲ್ಲಿಯೇ ತೀರಿಕೊಂಡ ಇವರ ಮೊದಲ ಕನ್ನಡ ಕವನಸಂಗ್ರಹದ ಹೆಸರು ‘ಹೊಕ್ಕುಳಲ್ಲಿ ಹೂವಿಲ್ಲ’. ಪುರಾಣದ ಪದ್ಮನಾಭನನ್ನು ನೆನಪಿಗೆ ತಂದು, ಒಡನೆಯೇ ತನ್ನಲ್ಲಿ ಆ ಹೂವಿಲ್ಲವೆನ್ನುವ ಮಾತದು. ಪರಂಪರೆಯನ್ನು ಬಲ್ಲವನು ಮಾತ್ರ ಆಡಬಹುದಾದ ನಿರಾಕರಣೆ. ಇಂತಹ ಸಂಶಯಶೀಲರೇ ೧೯೭೩ರಲ್ಲಿ ದೇವರ ದಾಸಿಮಯ್ಯ, ಬಸವಣ್ಣ, ಅಲ್ಲಮಪ್ರಭು, ಮಹಾದೇವಿಯಕ್ಕ ಈ ನಾಲ್ವರ ವಚನಗಳನ್ನು ಇಂಗ್ಲಿಷಿಗೆ ತಂದು ಲೋಕದ ಓದುಗರ ಮುಂದಿಟ್ಟರು. ೨೦೧೫ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಹೊರನಾಡ ಕನ್ನಡಿಗರ ಪ್ರಯತ್ನದಿಂದ ನಿಂತ ಬಸವೇಶ್ವರರ ಪ್ರತಿಮೆಯು ಗೌರವಾರ್ಹವಾದುದೇ. ಆದರೆ ಪ್ರತಿಮೆಯು ಹೆಸರನ್ನು ತಿಳಿಸುತ್ತದೆ. ಅನುವಾದವು ಮಾತನ್ನು ಮುಟ್ಟಿಸುತ್ತದೆ.

ಊರನ್ನು ಬಿಡದೆಯೇ ಹೊರನಾಡಿಗರಾಗುವವರೂ ಉಂಟು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಮಂಜೇಶ್ವರದ ಗೋವಿಂದ ಪೈಗಳೂ ಕಯ್ಯಾರ ಕಿಞ್ಞಣ್ಣ ರೈಗಳೂ ತಮ್ಮ ಮನೆಯಲ್ಲಿದ್ದಂತೆಯೇ ಗಡಿಯ ಆಚೆಯವರಾದರು. ಮಾರತ್ತಹಳ್ಳಿಯಲ್ಲಿ ಗಡಿಯು ಸರಿಯಲಿಲ್ಲ, ಊರೇ ಸರಿದುಹೋಯಿತು. ದೊಮ್ಮಲೂರಿನಿಂದ ವರ್ತೂರಿನ ಕಡೆಗೆ ಹೋಗುವ ದಾರಿಯಲ್ಲಿ ಈ ಹಳ್ಳಿಗೆ ಮೊದಲೇ ಸಿಗುವುದು ೧೯೪೦ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ನಿಲ್ದಾಣ. ೨೦೦೮ನೆಯ ಮೇ ತಿಂಗಳವರೆಗೆ ಬೆಂಗಳೂರಿನಿಂದ ವಿಮಾನವೇರಿ ಪರದೇಶಕ್ಕೆ ಹೋದವರು ಬೀಳ್ಕೊಂಡುದು ಇಲ್ಲಿಯೇ. ಅವರು ನೆನಪಿನಲ್ಲಿ ಹೊತ್ತೊಯ್ದ ನಾಡು ಮಾತ್ರ ಅವರಿಗಾಗಿ ಕಾದು ನಿಲ್ಲಲಿಲ್ಲ. ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ರಾಗಿಯ ಹೊಲಗಳು ಹೋಗಿ ಕಚೇರಿಗಳು ಎದ್ದುವು. ಸಮೀಪದ ಬೆಳ್ಳಂದೂರು ಕೆರೆಯು ೨೦೧೫ರಿಂದೀಚೆಗೆ ನೊರೆಗೂ ಬೆಂಕಿಗೂ ಸುದ್ದಿಯಾಯಿತು. ತೂಬು, ಕೋಡಿ, ಅಚ್ಚುಕಟ್ಟು, ನೀರಗಂಟಿ ಎಂಬ ಮಾತುಗಳು ಅಲ್ಲಿಯ ಮುದುಕರ ನಾಲಗೆಯಲ್ಲಿ ಉಳಿದು, ಮೊಮ್ಮಕ್ಕಳಿಗೆ ಅರ್ಥ ಹೇಳಬೇಕಾದ ಶಬ್ದಗಳಾಗಿವೆ. ಹೆಮ್ಮೆಯು ಇಲ್ಲಿಯೂ ತನ್ನ ಕೆಲಸವನ್ನು ಮಾಡಿದೆ: ೧೯೬೧ರಲ್ಲಿ ಮೊದಲು ಹಾರಿದ ಮಾರುತ್ ಎಂಬ ಯುದ್ಧವಿಮಾನದಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಊರ ಹೆಸರನ್ನು ನಿರ್ಣಯಿಸಬೇಕಾದುದು ಶಾಸನಗಳಿಂದಲೂ ಹಳೆಯ ಕಂದಾಯದ ಕಾಗದಪತ್ರಗಳಿಂದಲೂ ಹೊರತು ಕಿವಿಗೆ ಇಂಪಾದ ಸಾಮ್ಯದಿಂದಲ್ಲವೆಂಬುದನ್ನು ಪಂಡಿತರು ಬಲ್ಲರು.

ಇಂತಹ ಊರಿಗೆ ಋಣವನ್ನು ಸಲ್ಲಿಸುವವರಾರು? ಅಲ್ಲಿ ಇಂದು ವಾಸವಾಗಿರುವ ಅನೇಕರ ತಾಯ್ನಾಡು ಆಂಧ್ರವೋ ಒರಿಸ್ಸಾವೋ ವಂಗವೋ ಆಗಿದೆ. ಅವರವರ ಹೆಮ್ಮೆಯು ಅವರವರ ಊರಿನ ಕಡೆಗೆ ಮುಖಮಾಡಿದೆ. ಇದು ಈ ಸೀಮೆಗೆ ಹೊಸದಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಗುಡಿಯಲ್ಲಿರುವ ಹಳೆಯ ಶಾಸನಗಳು ತಮಿಳಿನವು. ಬೆಂಗಳೂರಿನ ಹೆಸರನ್ನು ಹೇಳುವ, ಸುಮಾರು ಕ್ರಿ. ಶ. ೮೯೦ರ ಬೇಗೂರಿನ ವೀರಗಲ್ಲು ಕನ್ನಡದ್ದು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೫ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸರು ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಆಂಗ್ಲೇಯರು. ಪಂಪನ ಭಾರತವನ್ನು ೧೮೯೮ರಲ್ಲಿ ಅಚ್ಚಿಗೆ ತಂದವರೂ ಅವರೇ. ಅವರು ಕೊನೆಗಾಲವನ್ನು ಇಂಗ್ಲೆಂಡಿನಲ್ಲಿ ಕಳೆದರು. ಕುಲದ ಹೆಮ್ಮೆಯು ಅವರನ್ನು ಈ ಕೆಲಸಕ್ಕೆ ಹಚ್ಚಲಿಲ್ಲ. ಆದರೂ ಹುಟ್ಟಿದ ನೆಲದ ಋಣವನ್ನು ಅವರಷ್ಟು ತೀರಿಸಿದವರು ವಿರಳ.

ಆದುದರಿಂದ ಹೊರನಾಡ ಸಾಹಿತ್ಯವನ್ನು ಬೆಲೆಕಟ್ಟುವಾಗ, ಲೇಖಕನು ತಾಯ್ನಾಡನ್ನು ಎಷ್ಟು ಹೊಗಳಿದನೆಂಬುದು ಒರೆಗಲ್ಲಾಗಲಾರದು. ಅವನ ದುಡಿಮೆಯಿಂದ ನಾಡಿನ ಯಾವ ಮಾತು, ಯಾವ ಬಾಳು, ಯಾವ ನೋವು ಮೊದಲಿಗಿಂತ ಹೆಚ್ಚು ತಿಳಿದುಬಂದಿತೆಂಬುದನ್ನೇ ಕೇಳಬೇಕು. ಶಿಕಾಗೊವಿನಿಂದ ವಚನಗಳನ್ನು ತಿಳಿಸಿಕೊಟ್ಟವರು ಈ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ. ಮಾರತ್ತಹಳ್ಳಿಯ ಮುದುಕರ ಬಾಯಿಂದ ಹೊಲಗಳ ಹೆಸರನ್ನೂ ಕೆರೆಗಳ ಹಂಚಿಕೆಯ ಕಟ್ಟಲೆಯನ್ನೂ ಬರೆದಿಡುವ ಉಪಾಧ್ಯಾಯನೂ ವಿದ್ಯಾರ್ಥಿಯೂ, ಅವರ ಮನೆಮಾತು ಯಾವುದೇ ಇರಲಿ, ಅದೇ ಪಂಕ್ತಿಗೆ ಸೇರುವರು. ಆ ಮುದುಕರ ಆಯುಸ್ಸೇ ಈ ಕೆಲಸದ ಗಡುವು.