ದೇವದೂತರು ಮತ್ತು ಶಾಸನದೇವತೆಗಳು: ಒಂದು ವಿವೇಚನೆ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಇನ್ನೊಂದು ಹೆಸರುಂಟು. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣಿನ ಬೇನೆ ಬಂದು ದೃಷ್ಟಿ ಹೋಗಿತ್ತೆಂದೂ, ಈ ಸನ್ನಿಧಿಯಲ್ಲಿ ಸೇವೆ ನಡೆಸಲಾಗಿ ಆನೆಗೆ ಮತ್ತೆ ಕಣ್ಣು ಬಂದಿತೆಂದೂ, ಸಂತುಷ್ಟನಾದ ಸುಲ್ತಾನನು ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ ದೇವರನ್ನು ‘ಹಕೀಂ’ ಎಂದು ಕರೆದನೆಂದೂ ಕಪಿಲಾ ತೀರದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಕಥೆಯ ಐತಿಹಾಸಿಕತೆ ಇಲ್ಲಿ ಪ್ರಸ್ತುತವಲ್ಲ. ವಿಚಾರ ಮಾಡತಕ್ಕದ್ದು ಆ ಹೆಸರಿನ ಔಚಿತ್ಯವನ್ನು.

ಸುಲ್ತಾನನ ಮತದಲ್ಲಿ ದೇವರ ಅಪ್ಪಣೆಗಳನ್ನು ಲೋಕದಲ್ಲಿ ನಡೆಸುವವರು ದೇವದೂತರು. ಅರಬಿಯ ‘ಮಲಕ್’, ಹೀಬ್ರೂವಿನ ‘ಮಲಾಖ್’, ಗ್ರೀಕಿನ ‘ಆಂಗೆಲೋಸ್’ ಇವೆಲ್ಲವೂ ಸಂದೇಶವಾಹಕನನ್ನು ಸೂಚಿಸುವ ಪದಗಳು. ಪಾರಸಿಯ ‘ಫರಿಷ್ತಾ’ ಎಂದರೂ ಕಳುಹಿಸಲ್ಪಟ್ಟವನು ಎಂದೇ ಅರ್ಥ. ಜಿಬ್ರೀಲನು ಪ್ರವಾದಿಗೆ ವಾಣಿಯನ್ನು ತಂದನು. ಇಸ್ರಾಫೀಲನು ಕಡೆಯ ದಿನದಲ್ಲಿ ಕಹಳೆ ಊದುವನು. ಮನುಷ್ಯನ ಎಡಬಲದಲ್ಲಿ ಇಬ್ಬರು ಕುಳಿತು ಅವನ ಪಾಪಪುಣ್ಯಗಳನ್ನು ಬರೆದುಕೊಳ್ಳುವರು. ಇವರಲ್ಲಿ ಯಾರಿಗೂ ಸ್ವಂತ ಇಚ್ಛೆಯಿಂದ ವರ ಕೊಡುವ ಅಧಿಕಾರವಿಲ್ಲ. ಯಾರಿಗೂ ಪೂಜೆ ಸಲ್ಲದು. ಇಂಥ ಶ್ರದ್ಧೆಯುಳ್ಳವನು ನಂಜುಂಡನನ್ನು ದೇವರೆಂದೂ ಹೇಳಲಾರ, ಫರಿಷ್ತೆಯೆಂದೂ ಹೇಳಲಾರ. ವೈದ್ಯನೆಂದು ಕರೆದರೆ ಉಪಕಾರಸ್ಮರಣೆಯೂ ಆಯಿತು, ತನ್ನ ಮತದ ಗೆರೆಯನ್ನು ದಾಟಿದಂತೆಯೂ ಆಗಲಿಲ್ಲ. ಕಥೆಯನ್ನು ಕಟ್ಟಿದವರು ಯಾರೇ ಆಗಿರಲಿ, ಅವರ ವಿವೇಕ ಮೆಚ್ಚತಕ್ಕದ್ದು.

ಜೈನ ಸಮಾಜದಲ್ಲಿ ಇಷ್ಟು ಎಚ್ಚರದ ಮಾತು ಕೆಲವೊಮ್ಮೆ ಕಾಣಬರುವುದಿಲ್ಲ. ಅನ್ಯಮತೀಯರು ಯಕ್ಷಯಕ್ಷಿಯರ ವಿಷಯ ಕೇಳಿದಾಗ ‘ಇವರು ನಮ್ಮ ದೇವದೂತರು’ ಎಂದು ಉತ್ತರಿಸುವುದುಂಟು. ಹೋಲಿಕೆ ಸುಲಭವಾದುದು, ಕೇಳಲೂ ಸೌಹಾರ್ದವಾಗಿದೆ. ಆದರೆ ದೂತನಿರಬೇಕಾದರೆ ಕಳುಹಿಸುವವನೊಬ್ಬ ಇರಬೇಕಷ್ಟೆ. ವೀತರಾಗನಾದ ಜಿನೇಶ್ವರನು ಯಾರನ್ನೂ ಎಲ್ಲಿಗೂ ಕಳುಹಿಸುವುದಿಲ್ಲ. ಯಾರ ಮೊರೆಗೂ ಒಲಿಯುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಕಳುಹಿಸುವವನಿಲ್ಲದ ಮೇಲೆ ಶಾಸನದೇವತೆಯನ್ನು ದೂತೆಯೆಂದು ಕರೆಯುವುದು ದೇವಿಯ ವಿಷಯದಲ್ಲಿ ಸಣ್ಣ ತಪ್ಪು, ಜಿನನ ವಿಷಯದಲ್ಲಿ ದೊಡ್ಡ ತಪ್ಪು.

ಈ ಸೀಮೆಯ ಶ್ರಾವಕರು ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಂಜನಗೂಡಿನ ದಕ್ಷಿಣಕ್ಕೆ, 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದು ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಮಲೆಯೂರಿನ ಕನಕಗಿರಿಯಲ್ಲಿ ಪಾರ್ಶ್ವನಾಥ ಬಸದಿಯಿದೆ. ಪೂಜ್ಯಪಾದರ ಹೆಸರಿನೊಡನೆ ಪರಂಪರೆಯು ಹೊಂದಿಸಿರುವ ಬೆಟ್ಟವದು. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಪ್ರಸಿದ್ಧವೇ ಆಗಿದೆ. ಆ ಸೂತ್ರದ ನಾಲ್ಕನೆಯ ಅಧ್ಯಾಯವೆಲ್ಲ ದೇವಗತಿಯ ವರ್ಣನೆ: ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ ಎಂಬ ನಾಲ್ಕು ನಿಕಾಯಗಳು. ಯಕ್ಷರು ವ್ಯಂತರರಲ್ಲಿ ಒಂದು ಬಗೆ. ಸ್ವರ್ಗದಲ್ಲಿಯೂ ಒಡೆಯರೂ ಆಳುಗಳೂ ಇದ್ದಾರೆಂಬುದು ಅಲ್ಲಿಯ ಸ್ವಾರಸ್ಯವಾದ ಸಂಗತಿ. ಆಭಿಯೋಗ್ಯರೆಂಬ ದೇವತೆಗಳು ವಾಹನವಾಗಿಯೂ ದುಡಿಯುತ್ತಾರೆ. ಆದರೆ ಅವರು ದುಡಿಯುವುದು ಇಂದ್ರನಿಗೆ, ಜಿನನಿಗಲ್ಲ.

ಮುಖ್ಯವಾದ ಮಾತು ಬೇರೆಯೇ ಇದೆ. ದೇವಗತಿಯಲ್ಲಿ ವ್ರತಧಾರಣೆ ಸಾಧ್ಯವಿಲ್ಲ. ಸಮ್ಯಗ್ದರ್ಶನವಿದ್ದರೂ ದೇವತೆಯು ಅವಿರತನಾಗಿಯೇ ಉಳಿಯುವನು; ನಾಲ್ಕನೆಯ ಗುಣಸ್ಥಾನವೇ ಅವನಿಗೆ ಮೇರೆ. ಅಣುವ್ರತಗಳನ್ನು ಶುದ್ಧವಾಗಿ ಪಾಲಿಸುವ ಗೃಹಸ್ಥನು, ಗೃಹಿಣಿಯು, ಐದನೆಯ ಗುಣಸ್ಥಾನದವರು. ಅಂದರೆ ಸುಳ್ಳಾಡದೆ, ತೂಕದಲ್ಲಿ ಮೋಸ ಮಾಡದೆ, ಪರಿಗ್ರಹಕ್ಕೆ ಮಿತಿ ಹಾಕಿಕೊಂಡು ಬಾಳುವ ತಿ. ನರಸೀಪುರದ ಒಬ್ಬ ಅಂಗಡಿಯ ಶ್ರಾವಕನು ಸಂಯಮದ ಲೆಕ್ಕದಲ್ಲಿ ತಾನು ಕೈಮುಗಿಯುವ ಯಕ್ಷಿಗಿಂತ ಒಂದು ಮೆಟ್ಟಿಲು ಮೇಲಿದ್ದಾನೆ. ಇದು ಅಹಂಕಾರಕ್ಕೆ ಹೇಳಿದ ಮಾತಲ್ಲ, ಆಗಮದ ಲೆಕ್ಕಾಚಾರ. ತಿರ್ಯಂಚಗತಿಯ ಪ್ರಾಣಿಗೂ ಈ ಐದನೆಯ ಮೆಟ್ಟಿಲು ತೆರೆದಿದೆ. ಪಾರ್ಶ್ವನಾಥನ ಪೂರ್ವಭವದ ಕಥೆಯಲ್ಲಿ ಮರುಭೂತಿಯ ಜೀವವು ಆನೆಯಾಗಿ ಹುಟ್ಟಿ, ಅರವಿಂದ ಮುನಿಯಿಂದ ಬೋಧೆ ಪಡೆದು ಶ್ರಾವಕವ್ರತ ಹಿಡಿಯುತ್ತದೆ. ನಂಜನಗೂಡಿನ ಕಥೆಯಲ್ಲಿ ಆನೆಗೆ ಹೊರಗಣ್ಣು ಬಂದಿತು. ಪುರಾಣದ ಈ ಆನೆಗೆ ಬಂದದ್ದು ಒಳಗಣ್ಣು. ಸ್ವರ್ಗದ ಇಂದ್ರನಿಗೂ ಆಗದ ಕಾರ್ಯವನ್ನು ಕಾಡಿನ ಆನೆ ಮಾಡಿತು.

ಅನ್ಯಮತಗಳ ಶಾಸ್ತ್ರಗಳೂ ಈ ವಿಷಯದಲ್ಲಿ ಅಷ್ಟು ದೂರವಿಲ್ಲ. ಕುರಾನಿನಲ್ಲಿ ದೇವದೂತರು ದೇವರ ಅಪ್ಪಣೆಯಂತೆ ಆದಿಮಾನವನಿಗೆ ಮಣಿಯುತ್ತಾರೆ. ಕ್ರೈಸ್ತರ ‘ಪ್ರಕಟನೆ’ ಗ್ರಂಥದಲ್ಲಿ ಯೋಹಾನನು ದೇವದೂತನ ಪಾದಕ್ಕೆ ಬೀಳಲು ಹೋದಾಗ ಆ ದೂತನೇ ಅವನನ್ನು ತಡೆದು, ತಾನೂ ಅವನಂತೆಯೇ ಒಬ್ಬ ಸೇವಕನೆಂದೂ ದೇವರನ್ನೇ ಆರಾಧಿಸಬೇಕೆಂದೂ ಹೇಳುತ್ತಾನೆ. ಪದ್ಮಾವತಿಯಾಗಲಿ ಕೂಷ್ಮಾಂಡಿನಿಯಾಗಲಿ ಮಾತನಾಡಿದ್ದರೆ ಬಹುಶಃ ಇದನ್ನೇ ಹೇಳುತ್ತಿದ್ದರು. ಆಕೆಯು ಜಿನಭಕ್ತೆ, ಸಾಧರ್ಮಿ. ಶ್ರಾವಕನೊಡನೆ ಒಂದೇ ಕಡೆಗೆ ಮುಖ ಮಾಡಿ ನಿಂತವಳು.

ಇನ್ನು ಪಾಪಪುಣ್ಯಗಳನ್ನು ಬರೆದಿಡುವ ಕೆಲಸ. ಇಸ್ಲಾಮಿನಲ್ಲಿ ಅದಕ್ಕೆ ಇಬ್ಬರು ಲಿಪಿಕಾರರು. ವೈದಿಕ ಪುರಾಣಗಳಲ್ಲಿ ಚಿತ್ರಗುಪ್ತ. ಜೈನರಲ್ಲಿ ಕರ್ಮಪುದ್ಗಲವು ತಾನೇ ಬಂದು ಅಂಟುತ್ತದೆ, ಕಾಲ ಬಂದಾಗ ತಾನೇ ಉದಯಿಸುತ್ತದೆ. ಕರಣಿಕನೂ ಬೇಡ, ಕಾರಕೂನನೂ ಬೇಡ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಪ್ರಸಿದ್ಧ ಶಾಪದ ಕಥೆಯನ್ನು ಈ ದೃಷ್ಟಿಯಿಂದ ನೋಡಬಹುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಒಡವೆಗಾಗಿ ಬೆನ್ನಟ್ಟಲ್ಪಟ್ಟ ಅಲಮೇಲಮ್ಮನು ಮಾಲಂಗಿಯಲ್ಲಿ ಕಾವೇರಿಗೆ ಬಿದ್ದಳೆಂದೂ, ಬೀಳುವ ಮುನ್ನ ಊರಿಗೂ ಮಡುವಿಗೂ ರಾಜವಂಶಕ್ಕೂ ಶಾಪವಿತ್ತಳೆಂದೂ ಐತಿಹ್ಯ. ಅರಮನೆಯಲ್ಲಿ ನವರಾತ್ರಿಯಂದು ಆಕೆಗೆ ಪೂಜೆ ಸಲ್ಲುತ್ತ ಬಂದಿದೆ. ಒಬ್ಬ ದುಃಖಿತೆಯನ್ನು ಮರೆಯದ ಆ ಪಶ್ಚಾತ್ತಾಪ ಗೌರವಾರ್ಹವೇ. ಆದರೂ ಜೈನನಾದವನು ಕೇಳಬೇಕಾದ ಪ್ರಶ್ನೆಯೊಂದಿದೆ: ಒಬ್ಬನ ಲೋಭಕ್ಕೆ ಹುಟ್ಟದ ಮೊಮ್ಮಕ್ಕಳು ಹೇಗೆ ಹೊಣೆಯಾದಾರು? ಶಾಪವನ್ನು ಹೊತ್ತೊಯ್ದು ಮುಟ್ಟಿಸುವ ದೂತನು ಜೈನಲೋಕದಲ್ಲಿಲ್ಲ. ಒಡವೆಗೆ ಆಸೆಪಟ್ಟವನಿಗೆ ಆಸೆಪಟ್ಟ ಕ್ಷಣದಲ್ಲಿಯೇ ಬಂಧ ಆಗಿಹೋಗಿರುತ್ತದೆ. ವರದ ಮಾತೂ ಹೀಗೆಯೇ.

ಇದೇ ತಲಕಾಡು ಗಂಗರ ರಾಜಧಾನಿ. ಗಂಗವಂಶದ ಉತ್ಪತ್ತಿಯ ಕಥೆಯು ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನದಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಶಾಸನವು 12ನೆಯ ಶತಮಾನದ ಮೊದಲ ಭಾಗದ್ದು. ಗಂಗರ ಆಳ್ವಿಕೆ ಮೊದಲಾದದ್ದು 4ನೆಯ ಶತಮಾನದಲ್ಲಿ. ಎಂಟು ನೂರು ವರ್ಷಗಳ ಅನಂತರ ಬರೆದ ಕಥೆಯನ್ನು ಇತಿಹಾಸವೆಂದು ಓದಲಾಗದು. ಜೈನಸಮಾಜವು ತನ್ನ ದೇವತೆಗಳ ಬಗೆಗೆ ಆಗ ಏನು ಭಾವಿಸಿತ್ತೆಂಬುದಕ್ಕೆ ಮಾತ್ರ ಅದು ಉತ್ತಮ ಸಾಕ್ಷಿ. ರಾಜ್ಯವಿಲ್ಲದೆ ಅಲೆಯುತ್ತ ಬಂದ ದಡಿಗ ಮಾಧವರೆಂಬ ಸೋದರರನ್ನು ಸಿಂಹನಂದಿ ಆಚಾರ್ಯರು ಕಂಡು ಆದರಿಸುತ್ತಾರೆ. ಪದ್ಮಾವತೀದೇವಿಯನ್ನು ಆರಾಧಿಸಿ ಅವರಿಗೆ ವರವನ್ನೂ ಖಡ್ಗವನ್ನೂ ರಾಜ್ಯವನ್ನೂ ದೊರಕಿಸಿಕೊಡುತ್ತಾರೆ. ತಮ್ಮ ನವಿಲುಗರಿಯ ಪಿಂಛವನ್ನೇ ಅವರಿಗೆ ಧ್ವಜವಾಗಿ ಕೊಡುತ್ತಾರೆ.

ಉತ್ಸವದ ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಶಾಸನವು ಇಲ್ಲಿಗೆ ನಿಲ್ಲುವುದಿಲ್ಲ. ರಾಜ್ಯ ಕೈಗೆ ಬಂದ ಮೇಲೆ ಗುರುವು ಆ ಸೋದರರ ಮುಂದೆ ನಿಬಂಧನೆಗಳನ್ನು ಇಡುತ್ತಾನೆ: ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಹೀನರ ಸಹವಾಸಕ್ಕೆ ಬಿದ್ದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ವಂಶ ಅಳಿಯುವುದೆಂದು. ದೇವಿಯ ವರವು ಈ ನಿಬಂಧನೆಗಳ ಮುಂದೆ ಎಷ್ಟು ಕಿರಿದಾಗಿ ಕಾಣುತ್ತದೆ! ಖಡ್ಗವನ್ನು ಕೊಟ್ಟ ದೇವತೆಯು ವಂಶವನ್ನು ಕಾಯುವೆನೆಂದು ಕಥೆಯಲ್ಲಿ ಎಲ್ಲಿಯೂ ಭರವಸೆ ನೀಡುವುದಿಲ್ಲ. ಕಾಯುವುದು ಆಳುವವರ ನಡತೆ. ಅಹಿಂಸೆಗಾಗಿ ಮುನಿಯು ಹಿಡಿದ ಪಿಂಛವು ದಂಡಿನ ಮುಂದೆ ಧ್ವಜವಾದದ್ದು ಇಂದಿನ ಓದುಗರಿಗೆ ಕಸಿವಿಸಿಯುಂಟುಮಾಡಬಹುದು. ಪಟ್ಟಿಯ ಕಡೆಯ ನಿಬಂಧನೆಯೂ ಶ್ರಾವಕನದಲ್ಲ, ಕ್ಷತ್ರಿಯನದು. ಈ ತೊಡಕನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವರವನ್ನು ಮಾತ್ರ ನೆನೆದು ನಿಬಂಧನೆಗಳನ್ನು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಲೋಪ.

ಬಸದಿಗಳಲ್ಲಿ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಮೂಲನಾಯಕನಿಗೆ ಒಂದು ಅರ್ಘ್ಯ ಮುಗಿಸಿ ಯಕ್ಷಿಯ ಮುಂದೆ ಗಂಟೆಗಟ್ಟಲೆ ನಿಲ್ಲುವವರುಂಟು. ಮಗಳ ಮದುವೆಗೆ, ಮಗನ ಪರೀಕ್ಷೆಗೆ, ನ್ಯಾಯಾಲಯದ ವ್ಯಾಜ್ಯಕ್ಕೆ ಹೂ ಕೇಳುತ್ತಾರೆ, ಹರಕೆ ಹೊರುತ್ತಾರೆ. ದುಃಖದಲ್ಲಿರುವವರನ್ನು ಗದರಿಸಿ ಫಲವಿಲ್ಲ. ಮಗುವಿನ ಹಾಸಿಗೆಯ ಬಳಿ ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ಗುಣಸ್ಥಾನಗಳ ಪಾಠ ಒಪ್ಪಿಸುವುದು ಕಠೋರವೇ ಸರಿ. ಆದರೆ ಆ ತಾಯಿಯ ಅಳಲಿಗೆ ದರಪಟ್ಟಿ ತಯಾರಿಸುವುದು ಇನ್ನೂ ಕಠೋರ. ರಾಗದ್ವೇಷಗಳುಳ್ಳ ದೇವತೆಗಳನ್ನು ವರದ ಆಸೆಯಿಂದ ಉಪಾಸಿಸುವುದು ದೇವಮೂಢತೆಯೆಂದು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದನ್ನು ಬಲ್ಲ ಆಡಳಿತ ಮಂಡಲಿಗಳು, ‘ಇಷ್ಟಾರ್ಥ ಸಿದ್ಧಿ’ ಎಂದು ಕರಪತ್ರದಲ್ಲಿ ಅಚ್ಚುಹಾಕಿಸಿದಾಗ, ಶಂಕೆ ಭಕ್ತರ ಮೇಲಲ್ಲ, ಆ ಮಂಡಲಿಗಳ ಮೇಲೆಯೇ ಬರುತ್ತದೆ.

ಹಾಗೆಂದು ಯಕ್ಷಯಕ್ಷಿಯರನ್ನು ಬಸದಿಯಿಂದ ಹೊರಗಿಡಬೇಕೆಂದಲ್ಲ. ಉತ್ತರದ ತೇರಾಪಂಥೀ ದಿಗಂಬರರು 17ನೆಯ ಶತಮಾನದಿಂದ ಆ ದಾರಿ ಹಿಡಿದರು. ಅವರ ತರ್ಕದಲ್ಲಿ ಬಲವಿದೆ. ಆದರೆ ಕನ್ನಡನಾಡಿನಲ್ಲಿ ಹೊಂಬುಜದ ಪದ್ಮಾವತಿ, ನರಸಿಂಹರಾಜಪುರದ ಜ್ವಾಲಾಮಾಲಿನಿ, ಬೆಳ್ಗೊಳದ ಕೂಷ್ಮಾಂಡಿನಿ ಇವರಿಲ್ಲದೆ ಜೈನರ ಮನೆಗಳ ಭಾಷೆಯೇ ಬಡವಾದೀತು. ಪಾರ್ಶ್ವನಾಥನ ಕಥೆಯೇ ಸರಿಯಾದ ಕ್ರಮವನ್ನು ತೋರಿಸಿದೆ. ಪಂಚಾಗ್ನಿಯ ಕೊರಡಿನೊಳಗೆ ಸಿಕ್ಕಿದ ನಾಗದಂಪತಿಗಳು ಅವನ ಕರುಣೆಯಿಂದ ಧರಣೇಂದ್ರ ಪದ್ಮಾವತಿಯರಾದರು. ಕಮಠನ ಜೀವವು ಮಳೆಗಲ್ಲುಗಳನ್ನು ಸುರಿದಾಗ ಬಂದು ಹೆಡೆಯೆತ್ತಿ ನಿಂತರು. ಅವನು ಕರೆದಿರಲಿಲ್ಲ, ಯಾರೂ ಕಳುಹಿಸಿರಲಿಲ್ಲ. ಬಂದದ್ದು ಕೃತಜ್ಞತೆಯಿಂದ. ಕೇವಲಜ್ಞಾನವನ್ನು ತಂದದ್ದು ಹೆಡೆಯ ನೆರಳಲ್ಲ, ಕಲ್ಲೆಸೆದವನಲ್ಲಿಯೂ ಹೆಡೆಯೆತ್ತಿದವರಲ್ಲಿಯೂ ಸಮನಾಗಿದ್ದ ಅವನ ಧ್ಯಾನ. ಪದ್ಮಾವತಿಯ ಗುಡಿಯ ಮುಂದೆ ಹಾಕುವ ಫಲಕದಲ್ಲಿ ಸೇವೆಗಳ ದರದ ಬದಲು ಈ ಕಥೆಯನ್ನು ಬರೆಸಲು ಹೆಚ್ಚಿನ ಖರ್ಚಾಗದು. ಗಂಗರ ಪ್ರಸ್ತಾಪ ಬರುವ ಕರಪತ್ರಗಳಲ್ಲಿ ಸಿಂಹನಂದಿಗಳ ನಿಬಂಧನೆಗಳನ್ನೂ ಖಡ್ಗದ ಜೊತೆಗೇ ಅಚ್ಚುಹಾಕಿಸಬಹುದು.

ಆ ಗಂಗವಂಶದ ಕಡೆಗಾಲದ ಅರಸರಲ್ಲೊಬ್ಬನಾದ ರಾಚಮಲ್ಲನ ಮಂತ್ರಿಯೇ ಚಾವುಂಡರಾಯ. 981ರಲ್ಲಿ ಪ್ರತಿಷ್ಠೆಯಾಯಿತೆನ್ನುವ ಗೊಮ್ಮಟನಿಗೆ ಅವನು ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಆಗ ಕೂಷ್ಮಾಂಡಿನಿಯು ಒಬ್ಬ ಬಡಮುದುಕಿಯಾಗಿ, ಗುಳ್ಳಕಾಯಿಯ ಓಡಿನಲ್ಲಿ ತುಸುವೇ ಹಾಲು ಹಿಡಿದುಕೊಂಡು ಬಂದಳು. ಕಥೆಯಲ್ಲಿ ಚಾವುಂಡರಾಯನು ಅವಳನ್ನು ಏನೂ ಬೇಡುವುದಿಲ್ಲ, ಅವಳು ಅವನಿಗೆ ಏನೂ ಕೊಡುವುದಿಲ್ಲ. ಅವಳು ಬಂದದ್ದು ತನ್ನ ಪಾಲಿನ ಅಭಿಷೇಕ ಮಾಡಲು. ಆ ಹಾಲು ಸ್ವಾಮಿಯ ಪಾದದವರೆಗೂ ಇಳಿಯಿತು. ಮಂತ್ರಿಗೆ ತನ್ನ ಗರ್ವ ತಿಳಿಯಿತು. ಅವಳ ಕಲ್ಲಿನ ಮೂರ್ತಿ ಇಂದಿಗೂ ಪ್ರಾಕಾರದ ಹೊರಬಾಗಿಲಲ್ಲಿ, ಗುಳ್ಳಕಾಯಿಯನ್ನು ಹಿಡಿದುಕೊಂಡು, ಗೊಮ್ಮಟನ ಕಡೆಗೆ ಮುಖ ಮಾಡಿ ನಿಂತಿದೆ.